ಊರಿನ ಆಟಕ್ಕೆ ಬಾಳು ಸವೆಸಿದ ಅಪ್ಪನನ್ನು ಗೌರವಿಸುವ ಬಗೆ

ಹಾಸನ ಜಿಲ್ಲೆಯ ಯಾವ ದೊಡ್ಡ ಹಳ್ಳಿಗೆ ಹೋದರೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಪಿ.ಟಿ. ಮೇಷ್ಟ್ರಾಗಿರಬಹುದು, ಹಾಲಿನ ಡೇರಿಯ ಕಾರ್ಯದರ್ಶಿಯಾಗಿರಬಹುದು, ಬಸ್ ಕಂಡಕ್ಟರ್ ಆಗಿರಬಹುದು, ಮೂರೆಕರೆ ರಾಗಿ ಹೊಲದ ರೈತರಾಗಿರಬಹುದು. ಸಂಜೆಯಾಗುತ್ತಲೇ ವಾಲಿಬಾಲ್ ನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆ ಮೈದಾನದ ಕಡೆ ಹೊರಡುತ್ತಾರೆ. ಕಬಡ್ಡಿ ಅಂಕಣಕ್ಕೆ ನೀರು ಚಿಮುಕಿಸುತ್ತಾರೆ. ತಂಡದ ಹುಡುಗನಿಗೆ ಬಸ್ ಚಾರ್ಜು ತಮ್ಮ ಜೇಬಿನಿಂದ ಕೊಡುತ್ತಾರೆ, ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಅಂಥವರ ಮಕ್ಕಳಿಗಾಗಿ ಈ ಬರಹ. ನಾನೂ ಅಂಥ ಒಬ್ಬರ ಮಗು. ನಮ್ಮಪ್ಪ ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ವಾಲಿಬಾಲು, ಕಬಡ್ಡಿ ಎರಡನ್ನೂ ದಶಕಗಟ್ಟಲೆ ನಡೆಸಿದವರು.

ಇಂಥವರಿಗೆ ಗೌರವ ಎಂದರೆ ಸಾಮಾನ್ಯವಾಗಿ ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸು. ಶಾಲು ಬೇಡ ಎನ್ನುವುದಿಲ್ಲ, ಅಪ್ಪಂದಿರಿಗೆ ಅದೂ ಖುಷಿ ಕೊಡುತ್ತದೆ. ಆದರೆ ಅವರು ದಿನಾ ಮಾಡುತ್ತಿದ್ದ ಕೆಲಸವನ್ನು ಊರು ಮುಂದಕ್ಕೂ ಮಾಡುವಂತೆ ನೋಡಿಕೊಳ್ಳುವುದೇ ದೊಡ್ಡ ಸನ್ಮಾನ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಕೆಳಗಿನ ಹೆಜ್ಜೆಗಳೆಲ್ಲ ಆ ನಂಬಿಕೆಯಿಂದ ಬಂದವು. ಅಪ್ಪ ಇನ್ನೂ ಇದ್ದರೆ ಈ ವರ್ಷವೇ ಶುರು ಮಾಡಿ. ಸ್ಮಾರಕ ಪಂದ್ಯಾವಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾರ ಹೆಸರಿನಲ್ಲಿ ಆಟ ನಡೆಯುತ್ತದೋ ಅವರೇ ಅಂಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುವ ಪಂದ್ಯಾವಳಿಗಳು ಕಡಿಮೆ.

ಮೊದಲು ಕೂತು ಕೇಳಿ

ಹಾಲ್ ಬುಕ್ ಮಾಡುವ ಮುಂಚೆ, ಕಪ್ಪು ಆರ್ಡರ್ ಕೊಡುವ ಮುಂಚೆ, ಅಪ್ಪನ ಹತ್ತಿರ ಕೂತು ಮಾತಾಡಿ. ಬೆಳಗಿನ ತಿಂಡಿ ಆದಮೇಲೆ, ಟಿ.ವಿ. ಆಫ್ ಇರುವ ಹೊತ್ತು ಒಳ್ಳೆಯದು. ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಡಿ, ಇಟ್ಟಿದ್ದೀನಿ ಅಂತ ಹೇಳಿಯೇ ಇಡಿ. ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ. ಅರ್ಧ ಗಂಟೆಯ ಮಾತು ಸಾಕು. ಮಿಕ್ಕಿದ್ದು ರಾತ್ರಿ ನೆನಪಾಗಿ ಮರುದಿನ ಅವರೇ ಕರೆದು ಹೇಳುತ್ತಾರೆ.

"ನಿಮ್ಮ ಸಾಧನೆ ಹೇಳಿ" ಎಂದು ಕೇಳಿದರೆ ಏನೂ ಬರುವುದಿಲ್ಲ. "ಅಯ್ಯೋ, ನಂದೇನು ಸಾಧನೆ, ಹುಡುಗ್ರು ಆಡಿದ್ರು" ಎಂದು ಮುಗಿಸಿಬಿಡುತ್ತಾರೆ. ವಸ್ತುಗಳ ಬಗ್ಗೆ, ಜಾಗಗಳ ಬಗ್ಗೆ ಕೇಳಿ. ನಾನು ಕೇಳಿದ್ದು ಹೀಗೆ:

"ಅಪ್ಪಾ, ಊರಿಗೆ ಮೊದಲ ಬಾಲ್ ಯಾರು ಕೊಡಿಸಿದ್ದು?"

"ಯಾರ್ ಕೊಡಿಸ್ತಾರೆ? ಮನೆಮನೆಗೆ ಹೋಗಿ ಸೇರು ಸೇರು ರಾಗಿ ಎತ್ತಿದ್ವಿ. ಸಂತೇಲಿ ಮಾರಿ, ಹಾಸನಕ್ಕೆ ಹೋಗಿ ಬಾಲ್ ತಂದ್ವಿ. ಪಂಪು ತರೋಕೆ ದುಡ್ಡು ಸಾಲ್ಲಿಲ್ಲ, ಸೈಕಲ್ ಶಾಪ್‌ನೋನು ಗಾಳಿ ಹಿಡ್ಕೊಟ್ಟ."

ಸನ್ಮಾನ ಪತ್ರದಲ್ಲಿ ಬರೆಯಬೇಕಾದ್ದು ಇದು. ಹೀಗೇ ಕೇಳುತ್ತಾ ಹೋಗಿ: ನೆಟ್ ಕಂಬ ಯಾರ ತೋಟದ ಮರ? ರಾತ್ರಿ ಆಟಕ್ಕೆ ಗ್ಯಾಸ್‌ಲೈಟ್ ಎಲ್ಲಿಂದ ಬಾಡಿಗೆಗೆ ತರುತ್ತಿದ್ದಿರಿ? ಬೇಲೂರಿಗೋ ಕಡೂರಿಗೋ ಆಡಲು ಹೋದಾಗ ಎಲ್ಲಿ ಮಲಗಿದಿರಿ, ಯಾರು ಊಟ ಹಾಕಿದರು? ಜಗಳ ಆದ ಪಂದ್ಯ ಯಾವುದು, ರಾಜಿ ಮಾಡಿಸಿದವರು ಯಾರು? ತುಂಬಾ ಚೆನ್ನಾಗಿ ಆಡುತ್ತಿದ್ದು ಬಿಟ್ಟುಬಿಟ್ಟ ಹುಡುಗ ಯಾರು, ಯಾಕೆ ಬಿಟ್ಟ? ಕೊನೆಯ ಪ್ರಶ್ನೆಗೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ.

ಹೆಸರುಗಳನ್ನು ಅಡ್ಡಹೆಸರಿನ ಸಮೇತ ಬರೆದುಕೊಳ್ಳಿ. ಆಟಗಾರರನ್ನು ಊರು ಗುರುತಿಸುವುದು ಅಡ್ಡಹೆಸರಿನಿಂದಲೇ. ಅಪ್ಪ ತೀರಿಕೊಂಡಿದ್ದರೆ ಇದೇ ಪ್ರಶ್ನೆಗಳನ್ನು ಅವರ ಜೊತೆಯವರಿಗೆ ಕೇಳಿ. ಮುಖ್ಯವಾಗಿ ಎದುರಾಳಿ ಊರಿನ ಹಳೇ ಕ್ಯಾಪ್ಟನ್ನನ್ನು ಹುಡುಕಿ. ನಿಮ್ಮಪ್ಪ ಎಂಥ ಮನುಷ್ಯ ಅಂತ ಅವರಷ್ಟು ಸರಿಯಾಗಿ ಹೇಳುವವರು ಸಿಗುವುದು ಕಷ್ಟ.

ಟ್ರಂಕಿನ ಕಾಗದ

ಅಟ್ಟದ ಮೇಲಿನ ಟ್ರಂಕು, ಬೀರುವಿನ ತಳ, ಶಾಲೆಯ ಕ್ರೀಡಾ ಕೊಠಡಿ: ಈ ಮೂರು ಕಡೆ ಹುಡುಕಿ. ಸ್ಕೋರ್ ಪುಸ್ತಕ, ಚಂದಾ ರಸೀದಿ, ಕರಪತ್ರ, ಆಹ್ವಾನ ಪತ್ರಿಕೆ, ಗ್ರೂಪ್ ಫೋಟೊ, ಪತ್ರಿಕೆಯ ತುಣುಕು ಏನೇ ಸಿಕ್ಕರೂ ಎಸೆಯಬೇಡಿ. ಚಂದಾ ರಸೀದಿಯ ಅರ್ಧಪುಸ್ತಕ ನೋಡಲು ರದ್ದಿಯಂತೆ ಕಂಡರೂ ಯಾವ ವರ್ಷ ಯಾರ ಮನೆಯಿಂದ ಎಷ್ಟು ಬಂತು ಎಂಬ ಊರಿನ ಚರಿತ್ರೆ ಅದರಲ್ಲಿದೆ.

ನಮ್ಮ ಮಲೆನಾಡಿನ ಭಾಗ ಮಳೆ, ತೇವದ ಸೀಮೆ. ಸಕಲೇಶಪುರ, ಮೂಡಿಗೆರೆ ಕಡೆಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಬೂಸಲು ಹಿಡಿಯುತ್ತದೆ. ಹಾಗಾಗಿ ಈ ಕೆಲಸಕ್ಕೆ ಬೇಸಿಗೆಯನ್ನೇ ಆರಿಸಿಕೊಳ್ಳಿ. ಕಾಗದಗಳನ್ನು ನೆರಳಿನಲ್ಲಿ ಹರಡಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಬಿಡಿಸಿ. ಹರಿದ ಕಡೆ ಸೆಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಅದು ಹಳದಿ ತಿರುಗಿ ಕಾಗದವನ್ನೇ ಹಾಳು ಮಾಡುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಮತ್ತೆ ಬಿಡಿಸಲಾಗದು. ಹಳೇ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಪತ್ರಕ್ಕೆ 300 ಡಿ.ಪಿ.ಐ. (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು, ಫೋಟೊಗೆ 600 ಇರಲಿ. ಫೋಟೊದ ಹಿಂದೆ ಹೆಸರು ಬರೆಯುವುದಾದರೆ ಪೆನ್ನು ಬೇಡ, ಮೆತ್ತನೆ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ. ಸಾಲಾಗಿ ನಿಂತವರಲ್ಲಿ ಯಾರು ಯಾರು ಅಂತ ಗುರುತಿಸುವ ಕೆಲಸವನ್ನು ಅಪ್ಪನಿಗೇ ಬಿಡಿ. ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ.

ವಾಲಿಬಾಲ್ ಸ್ಕೋರ್ ಪುಸ್ತಕ ಸಿಕ್ಕರೆ ಮೊಮ್ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ಹಳೆಯ ಪುಟಗಳಲ್ಲಿ ಸೆಟ್ಟು 15ಕ್ಕೆ ಮುಗಿದಿರುತ್ತದೆ, ಆಗ ಸರ್ವಿಸ್ ತಮ್ಮ ಕಡೆ ಇದ್ದಾಗ ಮಾತ್ರ ಪಾಯಿಂಟು. ಪ್ರತಿ ರ್‍ಯಾಲಿಗೂ ಪಾಯಿಂಟು, 25ಕ್ಕೆ ಸೆಟ್ಟು ಎಂಬ ಈಗಿನ ಪದ್ಧತಿ ಬಂದದ್ದು 1990ರ ದಶಕದ ಕೊನೆಗೆ. ಅಪ್ಪನ ಕೈಬರಹದಲ್ಲಿ "15–13" ಎಂದಿದ್ದರೆ ಅದು ಚಿಕ್ಕ ಆಟವಲ್ಲ. ಸರ್ವಿಸ್ ಆ ಕಡೆ ಈ ಕಡೆ ಓಡಾಡಿ, ಕತ್ತಲಾಗುವ ತನಕ ಎಳೆದ ಸೆಟ್ಟು ಇರಬಹುದು. ಗೊತ್ತಿದ್ದು ಓದಿದರೆ ಆ ಎರಡು ಅಂಕಿಗಳ ತೂಕವೇ ಬೇರೆ.

ಆಟಗಾರರ ಪಟ್ಟಿ

ಮುಂದಿನದು ಅಪ್ಪನ ಕೈಯಲ್ಲಿ ಬೆಳೆದ ಆಟಗಾರರ ಪಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಆಡಿದ ವರ್ಷ, ಯಾವ ಆಟ, ಈಗ ಎಲ್ಲಿ ಎಂದು ನಾಲ್ಕು ಕಲಂ ಹಾಕಿ. ಹತ್ತು ಜನ ಸಿಕ್ಕರೆ ಸಾಕು, ಅವರು ಇನ್ನೈವತ್ತು ಜನರ ನಂಬರ್ ಕೊಡುತ್ತಾರೆ. ವಾಟ್ಸಾಪ್ ಗುಂಪು ಮಾಡಿದರೆ ಸಾಲದು. ವಯಸ್ಸಾದವರಿಗೆ ಫೋನ್ ಮಾಡಿಯೇ ಮಾತಾಡಬೇಕು, ಊರಲ್ಲೇ ಇರುವವರ ಮನೆಗೆ ಹೋಗಿ ಕರೆಯಬೇಕು.

ನಮ್ಮ ಸೀಮೆಯಿಂದ ದೊಡ್ಡ ಹೆಸರು ಮಾಡಿದವರಿದ್ದಾರೆ. ಅರಸೀಕೆರೆಯಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್ 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಬ್ಯಾಟ್ ಹಿಡಿದರು. ಇವರ ಬಗ್ಗೆ ನಮಗೆಲ್ಲ ಹೆಮ್ಮೆ. ಆದರೆ ಹಳ್ಳಿಯ ಮೈದಾನದಿಂದ ಹೊರಟವರಲ್ಲಿ ಹೆಚ್ಚಿನವರು ಬೇರೆ ದಾರಿ ಹಿಡಿದಿರುತ್ತಾರೆ. ದೇಹದಾರ್ಢ್ಯ ಪರೀಕ್ಷೆ ಪಾಸಾಗಿ ಪೊಲೀಸ್ ಕಾನ್‌ಸ್ಟೆಬಲ್ ಆದವನಿದ್ದಾನೆ, ಸೇನೆಗೆ ಸೇರಿದವನಿದ್ದಾನೆ, ಬಿ.ಪಿ.ಎಡ್. ಓದಿ ಮೇಷ್ಟ್ರಾದವಳಿದ್ದಾಳೆ, ಕುಡಿತ ಬಿಟ್ಟು ಟ್ರಾಕ್ಟರ್ ಕೊಂಡವನಿದ್ದಾನೆ. ಅಪ್ಪನ ನಿಜವಾದ ಕಪ್ಪುಗಳು ಇವರು. ಪ್ರತಿಯೊಬ್ಬರಿಂದ ನಾಲ್ಕು ಸಾಲು ಬರೆಸಿಕೊಳ್ಳಿ, ಬರೆಯಲು ಸಂಕೋಚವಾದರೆ ವಾಯ್ಸ್ ಮೆಸೇಜ್ ಹಾಕಿಸಿಕೊಳ್ಳಿ. ಆಡಿದ ಹೆಣ್ಣುಮಕ್ಕಳನ್ನು ಬಿಡಬೇಡಿ. ಮದುವೆಯಾಗಿ ಬೇರೆ ಊರಿಗೆ ಹೋದ ಕೊಕ್ಕೊ ಹುಡುಗಿಯರನ್ನು ಹುಡುಕುವುದು ಕಷ್ಟ ನಿಜ, ತವರಿನವರನ್ನು ಕೇಳಿದರೆ ಸಿಗುತ್ತಾರೆ.

ಅಮ್ಮನ ಪಾಲು

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂಬ ಗಾದೆಯನ್ನು ಇಂಥ ಅಪ್ಪಂದಿರ ಹೆಂಡತಿಯರು ಎಷ್ಟು ಸಲ ಕೇಳಿಸಿಕೊಂಡಿದ್ದಾರೋ, ಎಷ್ಟು ಸಲ ತಾವೇ ಅಂದಿದ್ದಾರೋ. ಮಗುವಿಗೆ ಜ್ವರ ಬಂದ ದಿನವೂ ಫೈನಲ್ ಇತ್ತು. ರಾಗಿ ಒಕ್ಕಣೆಯ ಹೊತ್ತಿನಲ್ಲೂ ಜಿಲ್ಲಾ ಮಟ್ಟದ ಪಂದ್ಯವಿತ್ತು. ಹೇಳದೆ ಕೇಳದೆ ಹನ್ನೆರಡು ಹುಡುಗರನ್ನು ಊಟಕ್ಕೆ ಕರೆತಂದಾಗ ಮುದ್ದೆ ತೊಳಸಿ, ಅವರೆಕಾಳು ಸಾರಿಗೆ ನೀರು ಹೊಯ್ದು ಹೊಂದಿಸಿದವರು ಅಮ್ಮ. ಆಟವನ್ನು ಊರಲ್ಲಿ ಉಳಿಸಿದ್ದರಲ್ಲಿ ಅಡುಗೆಮನೆಯ ಪಾಲು ಎಷ್ಟು ಎಂದು ಯಾವ ಸ್ಕೋರ್ ಪುಸ್ತಕವೂ ಬರೆದಿಲ್ಲ.

ಹಾಗಾಗಿ ಈ ಕೆಲಸವನ್ನು ಶುರು ಮಾಡುವ ಮುಂಚೆ ಅಮ್ಮನ ಹತ್ತಿರ ಬೇರೆಯಾಗಿ ಕೂತು ಮಾತಾಡಿ. ಅವರಿಗೆ ನೋವಿದ್ದರೆ ಅದನ್ನೂ ಕೇಳಿಸಿಕೊಳ್ಳಿ, ಅಪ್ಪನ ಪರ ವಾದಕ್ಕೆ ನಿಲ್ಲಬೇಡಿ. ಆಹ್ವಾನ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಜೊತೆಯಲ್ಲಿ ಬರಲಿ. ವೇದಿಕೆಯಲ್ಲಿ ಎರಡು ಕುರ್ಚಿ ಇರಲಿ. ಮುಖ್ಯವಾಗಿ, ಪಂದ್ಯಾವಳಿಯ ದಿನ ಅಮ್ಮನನ್ನು ಒಲೆಯ ಮುಂದೆ ನಿಲ್ಲಿಸಬೇಡಿ. ಅಡುಗೆಗೆ ಭಟ್ಟರನ್ನು ಕರೆಸಿ, ಇಲ್ಲವೇ ಊರಿನ ಸ್ತ್ರೀಶಕ್ತಿ ಸಂಘಕ್ಕೆ ಸರಿಯಾದ ಕೂಲಿ ಕೊಟ್ಟು ವಹಿಸಿ.

ಏನು ಮಾಡುವುದು ಎಂಬ ತೀರ್ಮಾನ

ಇಷ್ಟಾದ ಮೇಲೆ ಮನೆಯವರು, ಮೂರ್ನಾಲ್ಕು ಹಳೇ ಆಟಗಾರರು, ಈಗಿನ ಇಬ್ಬರು ಯುವಕರು ಸೇರಿ ಕೂತುಕೊಳ್ಳಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಪ್ಪ ಮೈದಾನಕ್ಕೆ ಹೋಗುವುದು ನಿಂತ ಮೇಲೆ ಏನೇನು ನಿಂತುಹೋಯಿತು? ಕೆಲವು ಊರುಗಳಲ್ಲಿ ಪಂದ್ಯಾವಳಿ ನಿಂತಿರುತ್ತದೆ. ಕೆಲವು ಕಡೆ ಪಂದ್ಯಾವಳಿ ಜೋರಾಗಿಯೇ ನಡೆಯುತ್ತಿದೆ, ದಿನದ ಅಭ್ಯಾಸ ಮಾತ್ರ ನಿಂತಿದೆ. ಇನ್ನು ಕೆಲವು ಕಡೆ ಮೈದಾನವೇ ಒತ್ತುವರಿಯಾಗಿದೆ. ನಿಂತದ್ದು ಯಾವುದೋ ಅದಕ್ಕೇ ದುಡ್ಡು, ಶ್ರಮ ಹಾಕಿ. ಅಭ್ಯಾಸ ನಿಂತ ಊರಿಗೆ ಹೊನಲು ಬೆಳಕಿನ ಕಬಡ್ಡಿ ಬೇಕಾಗಿಲ್ಲ. ವಾರಕ್ಕೆ ನಾಲ್ಕು ದಿನ ಬರುವ ಒಬ್ಬ ತರಬೇತುದಾರ, ಎರಡು ಒಳ್ಳೆ ಬಾಲು, ಒಂದು ನೆಟ್ಟು ಬೇಕು.

ಮೈದಾನ

ಮೈದಾನ ಶಾಲೆಯದೋ, ಪಂಚಾಯಿತಿಯದೋ, ಗೋಮಾಳವೋ ಎಂದು ಮೊದಲು ತಿಳಿದುಕೊಳ್ಳಿ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ, ಗ್ರಾಮ ನಕ್ಷೆಯ ಜೊತೆ ಹೋಲಿಸಿ. "ಇದು ಮೊದಲಿನಿಂದಲೂ ಆಟದ ಬಯಲು" ಎಂಬ ಬಾಯಿಮಾತು ದಾಖಲೆಯಾಗುವುದಿಲ್ಲ. ದಾಖಲೆಯಲ್ಲಿ ಆಟದ ಮೈದಾನ ಎಂದಿಲ್ಲದಿದ್ದರೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಜಾಗ ಕಾಯ್ದಿರಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಅಳತೆ ಮಾಡಿಸಿ ಗಡಿಕಲ್ಲು ನೆಡಿಸಿ. ಪಟ್ಟಣದವರಾದರೆ, ಉದ್ಯಾನ ಮತ್ತು ಆಟದ ಮೈದಾನಗಳನ್ನು ಕಾಪಾಡಲೆಂದೇ 1985ರ ರಾಜ್ಯ ಕಾಯ್ದೆಯೊಂದಿದೆ, ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಿ. ಈ ಓಡಾಟಕ್ಕೆ ತಿಂಗಳುಗಳೇ ಹಿಡಿಯಬಹುದು. ಆದರೆ ಅಪ್ಪನ ಹೆಸರಿನಲ್ಲಿ ನೀವು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಬಾಳಿಕೆಯದು ಇನ್ನೊಂದಿಲ್ಲ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಶಾಲಾ ಮೈದಾನ ಮಟ್ಟ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ, ನಿಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿ.ಡಿ.ಒ.) ವಿಚಾರಿಸಿ.

ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರು, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ), ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಅಂಕಣ ಸಿದ್ಧ ಮಾಡುವ ಕೆಲಸವನ್ನು ಗುತ್ತಿಗೆ ಕೊಡಬೇಡಿ. ಈಗಿನ ಹುಡುಗರನ್ನೂ ಹಳೆಯವರನ್ನೂ ಒಟ್ಟಿಗೆ ಕರೆದು, ಅಪ್ಪನಿಗೆ ಓಡಾಡಲು ಆಗುವುದಾದರೆ ಅವರನ್ನೇ ಮೇಲ್ವಿಚಾರಣೆಗೆ ನಿಲ್ಲಿಸಿ. ಕಲ್ಲು ಆರಿಸಿ, ಜರಡಿ ಹಿಡಿದ ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ಹಸಿ ಆರುತ್ತಿದ್ದಂತೆ ರೋಲರ್ ಎಳೆಯಿರಿ. ನೀರು ನಿಲ್ಲದಂತೆ ಒಂದು ಕಡೆಗೆ ಸಣ್ಣ ಇಳಿಜಾರು ಇರಲಿ.

ಗೆರೆಯ ಅಳತೆ: ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ನೆಟ್ಟಿನ ಎತ್ತರ ಗಂಡಸರಿಗೆ 2.43, ಹೆಂಗಸರಿಗೆ 2.24 ಮೀಟರ್, ನಡುಗೆರೆಯಿಂದ 3 ಮೀಟರಿಗೆ ಅಟ್ಯಾಕ್ ಲೈನು. ಗೆರೆಯಿಂದ ಆಚೆ ಸುತ್ತಲೂ ಕನಿಷ್ಠ 3 ಮೀಟರ್ ಖಾಲಿ ಜಾಗ ಬಿಡಿ. ಬಾಲಿನ ಹಿಂದೆ ಓಡುವ ಹುಡುಗ ಕಲ್ಲಿಗೋ ಬೆಂಚಿಗೋ ಬಡಿದುಕೊಳ್ಳಬಾರದು. ಕಬಡ್ಡಿ ಅಂಕಣ ಗಂಡಸರಿಗೆ 13 x 10 ಮೀಟರ್, ಹೆಂಗಸರಿಗೆ 12 x 8. ಗಂಡಸರ ಅಂಕಣದಲ್ಲಿ ನಡುಗೆರೆಯಿಂದ ಬಾಕ್ ಲೈನು (ರೈಡ್ ಹೋದವನು ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನು ಇನ್ನೊಂದು ಮೀಟರ್.

ಮೂಲೆಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ವಾಲಿಬಾಲ್ ಅಂಕಣದಲ್ಲಿ ಎರಡೂ ಕಡೆ ಸುಮಾರು 20.12 ಮೀಟರ್, ಗಂಡಸರ ಕಬಡ್ಡಿ ಅಂಕಣದಲ್ಲಿ 16.40 ಮೀಟರ್ ಬಂದರೆ ಮೂಲೆ ನೇರವಾಗಿದೆ. ಗೆರೆಗೆ ಸುಟ್ಟ ಸುಣ್ಣ ಹಾಕುವ ರೂಢಿ ಇನ್ನೂ ಕೆಲವು ಕಡೆ ಇದೆ. ಅದು ಕಣ್ಣಿಗೆ, ತರಚಿದ ಮೊಣಕಾಲಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿಯೋ ರಂಗೋಲಿ ಪುಡಿಯೋ ಬಳಸಿ.

ಪಂದ್ಯಾವಳಿ ನಡೆಸುವುದಾದರೆ

ದಿನ ಗೊತ್ತು ಮಾಡುವುದರಲ್ಲೇ ಅರ್ಧ ಕೆಲಸವಿದೆ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲು ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ, ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಹೊತ್ತು. ಆಮೇಲೆ ಪಿ.ಯು.ಸಿ., ಎಸ್.ಎಸ್.ಎಲ್.ಸಿ. ಪರೀಕ್ಷೆ ಬರುತ್ತವೆ. ಮಲೆನಾಡಿನ ಕಡೆ ಈ ಲೆಕ್ಕ ನಡೆಯುವುದಿಲ್ಲ. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೇ ರೋಬಸ್ಟಾ; ಆಡುವ ಹುಡುಗರೆಲ್ಲ ತೋಟದಲ್ಲಿರುತ್ತಾರೆ. ಅಲ್ಲಿ ಕುಯ್ಲು, ಪರೀಕ್ಷೆ ಎರಡೂ ಮುಗಿದ ಬೇಸಿಗೆ ರಜೆಯೇ ಸರಿ, ಮಳೆ ಬಂದರೆ ಎಂದು ಒಂದು ಬದಲಿ ದಿನವನ್ನೂ ಇಟ್ಟುಕೊಳ್ಳಿ. ಬೇಲೂರಿನವರು ಚೆನ್ನಕೇಶವನ ರಥೋತ್ಸವದ ದಿನಗಳನ್ನು ತಪ್ಪಿಸಿ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಪೊಲೀಸರೆಲ್ಲ ಅಲ್ಲೇ ಬಂದೋಬಸ್ತಿನಲ್ಲಿರುತ್ತಾರೆ, ನಿಮ್ಮ ಪಂದ್ಯಕ್ಕೆ ಯಾರೂ ಸಿಗುವುದಿಲ್ಲ.

ಎಷ್ಟು ತಂಡ? ಲೆಕ್ಕ ಹಾಕಿ ನೋಡಿ. 16 ತಂಡದ ನಾಕೌಟ್ (ಸೋತವರು ಹೊರಗೆ) ಅಂದರೆ 15 ಪಂದ್ಯ. ಕಬಡ್ಡಿಯ ಗಂಡಸರ ಪಂದ್ಯ 20 ನಿಮಿಷದ ಎರಡು ಭಾಗ, ನಡುವೆ 5 ನಿಮಿಷ ಬಿಡುವು. ತಂಡ ಬರುವುದು, ಟಾಸು, ಟೈಮ್ ಔಟು ಸೇರಿ 50 ನಿಮಿಷ ಇಟ್ಟುಕೊಂಡರೆ ಒಂದೇ ಅಂಕಣದಲ್ಲಿ ಹನ್ನೆರಡೂವರೆ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೂ ಫೈನಲ್ ಮುಗಿಯುವಾಗ ರಾತ್ರಿ ಒಂಬತ್ತೂವರೆ, ಊಟ, ಸನ್ಮಾನ ಸೇರಿದರೆ ಹತ್ತು ದಾಟುತ್ತದೆ. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಹಾಗಾಗಿ ಎರಡು ಅಂಕಣ ಮಾಡಿ, ಇಲ್ಲವೇ ಎಂಟೇ ತಂಡ ಕರೆಯಿರಿ. ಎಂಟು ತಂಡದ ಏಳು ಪಂದ್ಯ ಸಂಜೆಯೊಳಗೆ ಮುಗಿಯುತ್ತವೆ, ಎಲ್ಲರೂ ಬೆಳಕಿರುವಾಗ ಮನೆ ಸೇರುತ್ತಾರೆ. ನಾನಂತೂ ಎಂಟೇ ತಂಡದ ಪರ.

ಈಗ ಎಲ್ಲಕ್ಕಿಂತ ಮುಖ್ಯವಾದ ನಿಯಮ. ಬಹುಮಾನದ ಮೊತ್ತ ಏರಿದಂತೆ ತಂಡಗಳು ಹೊರಗಿನಿಂದ ದುಡ್ಡು ಕೊಟ್ಟು ಆಟಗಾರರನ್ನು ತರುತ್ತವೆ. ಊರ ಹೆಸರಿನ ಜೆರ್ಸಿ ಹಾಕಿದವರಲ್ಲಿ ಊರಿನವನು ಒಬ್ಬನೂ ಇಲ್ಲದ ಫೈನಲ್‌ಗಳನ್ನು ನಾವು ನೋಡಿದ್ದೇವೆ. ಜನ ಸೇರುತ್ತಾರೆ, ಆಟವೂ ಚೆನ್ನಾಗಿರುತ್ತದೆ. ಆದರೆ ಸೇರು ಸೇರು ರಾಗಿ ಎತ್ತಿ ಬಾಲ್ ತಂದವರ ಹೆಸರಿನಲ್ಲಿ ನಡೆಯಬೇಕಾದ ಆಟ ಅದಲ್ಲ. ಆಟಗಾರರೆಲ್ಲ ಆಯಾ ಗ್ರಾಮ ಪಂಚಾಯಿತಿ ವ್ಯಾಪ್ತಿಯವರೇ ಆಗಿರಬೇಕು, ಹೆಚ್ಚೆಂದರೆ ತಾಲ್ಲೂಕಿನ ಇಬ್ಬರು ಹೊರಗಿನವರು ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿ. ಹೆಸರು ಕೊಡುವಾಗಲೇ ಆಧಾರ್ ನೋಡಿ ಪಟ್ಟಿ ಮಾಡಿ, ಆಟದ ದಿನ ಬದಲಿಸಲು ಬಿಡಬೇಡಿ. ಎಷ್ಟೇ ದೊಡ್ಡವರು ಫೋನ್ ಮಾಡಿದರೂ ಈ ಒಂದು ವಿಷಯದಲ್ಲಿ ಬಗ್ಗಬೇಡಿ. ಮೊದಲ ಬಹುಮಾನದ ದುಡ್ಡು ಸಣ್ಣದಿರಲಿ. ಉಳಿದ ಹಣದಲ್ಲಿ ಬಂದ ಪ್ರತಿ ತಂಡಕ್ಕೂ ಬಸ್ ಚಾರ್ಜು, ಹೊಟ್ಟೆ ತುಂಬ ಊಟ, ಒಂದು ಬಾಲು ಕೊಡಿ. ಹದಿನಾಲ್ಕು ವರ್ಷದೊಳಗಿನ ಹುಡುಗ ಹುಡುಗಿಯರಿಗೆ ಒಂದು ಪ್ರದರ್ಶನ ಪಂದ್ಯವಾದರೂ ಇರಲಿ.

ಕಬಡ್ಡಿಯಾದರೆ ತೂಕದ ಯಂತ್ರ ಇಟ್ಟು ತೂಗಿಸಿ. ಹಿರಿಯ ಗಂಡಸರಿಗೆ 85 ಕೆ.ಜಿ., ಹೆಂಗಸರಿಗೆ 75 ಕೆ.ಜಿ. ಮಿತಿ. ಉಗುರು ಕತ್ತರಿಸಿರಬೇಕು, ಉಂಗುರ, ಕಡಗ ಬಿಚ್ಚಿರಬೇಕು, ಮೈಗೆ ಎಣ್ಣೆ ಸವರಿರಬಾರದು. ತೀರ್ಪುಗಾರರನ್ನು ಜಿಲ್ಲೆಯ ಕಬಡ್ಡಿ ಸಂಸ್ಥೆಯಿಂದಲೇ ಕರೆಸಿ, ಗೌರವಧನವನ್ನು ಆಟ ಮುಗಿಯುವ ಮುಂಚೆ ಲಕೋಟೆಯಲ್ಲಿ ಕೊಟ್ಟುಬಿಡಿ. ಊರಿನವರೇ ವಿಸಿಲ್ ಹಿಡಿದರೆ ಸರಿಯಾದ ತೀರ್ಪಿಗೂ ಜಗಳ ಬರುತ್ತದೆ.

ಅನುಮತಿಗಳು: ಮೈಕಿಗೆ, ಜನ ಸೇರುವುದಕ್ಕೆ ಪೊಲೀಸ್ ಠಾಣೆ; ಜಾಗಕ್ಕೆ ಪಂಚಾಯಿತಿ ಅಥವಾ ಶಾಲೆ; ದೀಪಕ್ಕೆ ವಿದ್ಯುತ್ ಕಂಪನಿಯಿಂದ (ಹಾಸನ ಜಿಲ್ಲೆಯಾದರೆ ಸೆಸ್ಕ್, ಚಿಕ್ಕಮಗಳೂರಾದರೆ ಮೆಸ್ಕಾಂ) ತಾತ್ಕಾಲಿಕ ಸಂಪರ್ಕ. ತಂತಿಗೆ ಕೊಂಡಿ ಹಾಕುವ ಕೆಲಸ ಯಾರು ಹೇಳಿದರೂ ಬೇಡ, ಒದ್ದೆ ಅಂಕಣದ ಪಕ್ಕ ಅದು ಜೀವದ ಪ್ರಶ್ನೆ. ಫ್ಲೆಕ್ಸ್ ಬ್ಯಾನರಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಬಟ್ಟೆಯ ಬ್ಯಾನರ್ ಬರೆಸಿ, ಮುಂದಿನ ವರ್ಷಕ್ಕೂ ಬರುತ್ತದೆ.

ಮರದ ಕಂಬ, ಹಲಗೆ ಕಟ್ಟಿ ಗ್ಯಾಲರಿ ಮಾಡುವ ಆಸೆ ಬಂದೇ ಬರುತ್ತದೆ. ಜನ ಒಮ್ಮೆಲೇ ಎದ್ದು ಕುಣಿದಾಗ ಕುಸಿಯುವುದು ಅವೇ. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ನೆಲದ ಮೇಲೆ ಟಾರ್ಪಾಲು ಹಾಸಿ ಕೂರಲಿ. ಗ್ಯಾಲರಿ ಬೇಕೇ ಬೇಕೆಂದರೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ನೋಡಿ ಬರೆದುಕೊಟ್ಟ ಮೇಲಷ್ಟೇ ಜನರನ್ನು ಹತ್ತಿಸಿ. ಐಸು, ಬ್ಯಾಂಡೇಜು, ಸ್ಟ್ರೆಚರು ಅಂಕಣದ ಪಕ್ಕದಲ್ಲೇ ಇರಲಿ. ತಾಲ್ಲೂಕು ಆಸ್ಪತ್ರೆಗೆ ಮುಂಚೆಯೇ ತಿಳಿಸಿ, 108 ಆಂಬುಲೆನ್ಸು ಒಳಬರಲು ದಾರಿ ಬಿಟ್ಟಿರಿ. ಬೆರಳೋ ಭುಜವೋ ತಪ್ಪಿದರೆ "ನಾನು ಕೂರಿಸ್ತೀನಿ" ಎಂದು ಮುಂದೆ ಬರುವ ಹಿರಿಯರನ್ನು ಮರ್ಯಾದೆಯಿಂದಲೇ ತಡೆಯಿರಿ.

ಸನ್ಮಾನದ ಹೊತ್ತು

ಸೆಮಿಫೈನಲ್ ಮತ್ತು ಫೈನಲ್ ನಡುವೆ ಇಡಿ, ಅಷ್ಟೂ ಜನ ಅಲ್ಲಿರುತ್ತಾರೆ. ಅರ್ಧ ಗಂಟೆಗೆ ಮುಗಿಯಬೇಕು. ಭಾಷಣ ಇಬ್ಬರದೇ ಸಾಕು: ಒಬ್ಬರು ಅಪ್ಪನ ಕೈಯಲ್ಲಿ ಆಡಿದವರು, ಇನ್ನೊಬ್ಬರು ಎದುರಾಳಿ ಊರಿನವರು. ಶಾಸಕರೋ ಅಧಿಕಾರಿಗಳೋ ಬಂದರೆ ಬಹುಮಾನ ಕೊಡಲಿ. ಸನ್ಮಾನ ಪತ್ರದಲ್ಲಿ "ಕ್ರೀಡಾರಂಗದ ಧ್ರುವತಾರೆ" ಎಂಬ ಬಗೆಯ ಮಾತು ಬೇಡ. ಎಷ್ಟನೇ ಇಸವಿಯಿಂದ, ಯಾವ ಮೈದಾನದಲ್ಲಿ, ಏನು ಮಾಡಿದರು, ಯಾರನ್ನು ಬೆಳೆಸಿದರು ಎಂದು ಸರಳವಾಗಿ ಬರೆದು, ಓದುವವರಿಗೆ ನಿಧಾನವಾಗಿ ಓದಲು ಹೇಳಿ. ಸ್ಕ್ಯಾನ್ ಮಾಡಿಸಿದ ಫೋಟೊಗಳನ್ನು ದೊಡ್ಡದು ಮಾಡಿಸಿ ಶಾಲೆಯ ಗೋಡೆಗೆ ಸಾಲಾಗಿ ತೂಗುಹಾಕಿ. ವೇದಿಕೆಗಿಂತ ಹೆಚ್ಚು ಜನ ಅಲ್ಲಿ ನಿಂತಿರುತ್ತಾರೆ. ಅಪ್ಪನಿಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ, ಫೈನಲ್‌ನ ಟಾಸ್ ಅವರ ಕೈಯಲ್ಲಿ ಹಾಕಿಸಿ.

ಆಮೇಲೆ

ಮೊದಲ ವರ್ಷ ಉತ್ಸಾಹದಲ್ಲಿ ನಡೆದುಹೋಗುತ್ತದೆ. ಮೂರನೇ ವರ್ಷಕ್ಕೆ ಉಳಿಯಬೇಕಾದರೆ ಅದು ನಿಮ್ಮ ಮನೆಯ ಕಾರ್ಯಕ್ರಮವಾಗಿ ಉಳಿಯಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಏಳರಲ್ಲಿ ಮನೆಯವರು ಒಬ್ಬರೇ ಇರಲಿ, ಹೆಣ್ಣುಮಕ್ಕಳು ಇಬ್ಬರಾದರೂ ಇರಲಿ, ಮೂವತ್ತರೊಳಗಿನವರು ಹೆಚ್ಚಿರಲಿ. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಪಂದ್ಯಾವಳಿ ಮುಗಿದ ವಾರದೊಳಗೆ ಜಮಾ ಖರ್ಚನ್ನು ಬರೆದು ಪಂಚಾಯಿತಿ ಫಲಕಕ್ಕೆ ಅಂಟಿಸಿ. ಚಂದಾ ಕೊಟ್ಟವರಿಗೆ ಲೆಕ್ಕ ಸಿಕ್ಕರೆ ಮುಂದಿನ ವರ್ಷ ಅವರೇ ಕರೆದು ಕೊಡುತ್ತಾರೆ.

ಸಂಘ ಇದ್ದರೆ ಇನ್ನೊಂದು ಬಾಗಿಲೂ ತೆರೆಯುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಗ್ರಾಮೀಣ ಆಟಗಳ ಸಾಧಕರಿಗೆ ಕರ್ನಾಟಕ ಕ್ರೀಡಾರತ್ನ, ಆಟ ಬೆಳೆಸುವ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಕೊಡುತ್ತದೆ. ನವೆಂಬರ್ 1ರಂದು ಜಿಲ್ಲಾಡಳಿತ ಕೊಡುವ ರಾಜ್ಯೋತ್ಸವ ಪ್ರಶಸ್ತಿಯೂ ಇದೆ. ಅರ್ಜಿ ಕರೆಯುವ ಹೊತ್ತಿಗೆ ದಾಖಲೆ ಹುಡುಕಲು ಹೊರಟರೆ ಆಗುವುದಿಲ್ಲ. ಟ್ರಂಕಿನಿಂದ ತೆಗೆದು ಸ್ಕ್ಯಾನ್ ಮಾಡಿಸಿದ ಕಾಗದಗಳು, ಆಟಗಾರರು ಬರೆದುಕೊಟ್ಟ ಸಾಲುಗಳು ಆಗ ಕೈಗೆ ಬರುತ್ತವೆ. ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ವರ್ಷಕ್ಕೊಮ್ಮೆ ಹೋಗಿ ವಿಚಾರಿಸುವ ಕೆಲಸವನ್ನು ಸಂಘದ ಒಬ್ಬರಿಗೆ ವಹಿಸಿ.

ಸಾಮಾನಿನ ವಿಷಯ ಸಣ್ಣದೆಂದು ಬಿಡಬೇಡಿ. ನೆಟ್ಟು, ಬಾಲು, ಪಂಪು, ಟೇಪು, ವಿಸಿಲು ಒಂದು ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ಇಬ್ಬರ ಹತ್ತಿರ ಇರಲಿ. ಮಳೆಗಾಲಕ್ಕೆ ಮುಂಚೆ ನೆಟ್ಟನ್ನು ಒಣಗಿಸಿ ಮಡಿಚಿಡಿ, ಇಲಿ ಕಡಿಯದ ಜಾಗದಲ್ಲಿಡಿ. ವರ್ಷಕ್ಕೆ ಎರಡು ಹೊಸ ಬಾಲಿನ ಖರ್ಚನ್ನು ಆಟಗಾರರ ಪಟ್ಟಿಯಲ್ಲಿರುವ ಸಂಬಳದವರೊಬ್ಬರು ವಹಿಸಿಕೊಳ್ಳಲಿ, ಪ್ರತಿ ವರ್ಷ ಬೇರೆಯವರು. ಸಂಜೆ ನೆಟ್ ಕಟ್ಟುವ ಪಾಳಿಯನ್ನು ವಾರದ ದಿನಕ್ಕೊಬ್ಬರಂತೆ ಏಳು ಹುಡುಗರಿಗೆ ಹಂಚಿ, ಆ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ.